ಬ್ರಸೆಲ್ಸ್: ಇಳಿದು ನೋಡೂದೋ, ದಾಟಿ ಹೋಗೂದೋ?

ಓದುಗರ ಪ್ರಶ್ನೆ, ಓದುಗರ ಉತ್ತರ

ಕಳೆದ ಸಂಚಿಕೆಯ ಪ್ರಶ್ನೆ:

ಬರುವ ಮೇ ರಜೆಯಲ್ಲಿ ನಾವು ನಾಲ್ವರು ಯುರೋಪಿಗೆ ಹೊರಟಿದ್ದೇವೆ. ನಾನು, ನಮ್ಮ ಮನೆಯವರು, 68 ವರ್ಷದ ಅತ್ತೆಯವರು, 11 ವರ್ಷದ ಮಗ. ಪ್ಯಾರಿಸ್‌ನಲ್ಲಿ ಐದು ರಾತ್ರಿ, ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಮೂರು ರಾತ್ರಿ ಗಟ್ಟಿಯಾಗಿದೆ. ನಡುವೆ ಎರಡು ರಾತ್ರಿ ಖಾಲಿ. ದಾರಿಯಲ್ಲೇ ಬೆಲ್ಜಿಯಂನ ರಾಜಧಾನಿ ಬ್ರಸೆಲ್ಸ್ ಬರುತ್ತದೆ. ಟೂರಿನವರು “ಎರಡು ತಾಸು ಬಸ್ಸು ನಿಲ್ಲಿಸಿದರೆ ಸಾಕು” ಅನ್ನುತ್ತಾರೆ. ನೆದರ್‌ಲ್ಯಾಂಡ್ಸ್‌ನಲ್ಲಿರುವ ನಮ್ಮ ಮೈದುನ “ವೈನಿ, ಆ ಊರು ಬಿಟ್ಟು ಬ್ರೂಜ್‌ಗೆ ಹೋಗ್ರಿ” ಅಂತಾನೆ. ಅತ್ತೆಯವರು ಶುದ್ಧ ಶಾಕಾಹಾರಿ, ಮೊಟ್ಟೆಯನ್ನೂ ಮುಟ್ಟುವುದಿಲ್ಲ, ಮೊಣಕಾಲು ನೋವು ಬೇರೆ. ಬ್ರಸೆಲ್ಸ್ ನೋಡುವಂಥ ಊರು ಹೌದೋ ಅಲ್ಲವೋ?
ಗೃಹಿಣಿ, ಕೇಶ್ವಾಪುರ, ಹುಬ್ಬಳ್ಳಿ

ಇದಕ್ಕೆ ಬಂದ ಪತ್ರಗಳು ನೆಟ್ಟಗೆ ಎರಡು ಬಣವಾಗಿವೆ. ಆಯ್ದ ಕೆಲವನ್ನು ಕೊಡುತ್ತಿದ್ದೇವೆ. ನಮ್ಮ ಅಭಿಪ್ರಾಯ ಆಮೇಲೆ.

ಗದಗದಿಂದ, ಪ್ರವಾಸ ಏರ್ಪಾಡು ಮಾಡುವವರೊಬ್ಬರು:

ಬಿಟ್ಟುಬಿಡಿ. ಬ್ರಸೆಲ್ಸ್ ನೋಡಿ ಬಂದವರ ದೂರು ಹೆಚ್ಚೂಕಡಿಮೆ ಒಂದೇ: ಉಚ್ಚೆ ಹೊಯ್ಯುವ ಹುಡುಗನ ಮೂರ್ತಿ ನೋಡಲು ಅಷ್ಟು ದೂರ ಹೋಗಬೇಕಿತ್ತೆ? ದೂರಿನಲ್ಲಿ ಹುರುಳಿದೆ. ಮನ್ನೆಕೆನ್ ಪಿಸ್ ಎಂಬ ಆ ಕಂಚಿನ ಮೂರ್ತಿ ಎರಡಡಿಯೂ ಇಲ್ಲ. ಬೀದಿಯ ಮೂಲೆಯಲ್ಲಿ ಜನ ಮುಗಿಬಿದ್ದು ಫೋಟೊ ತೆಗೆಯುವುದು 1965ರಲ್ಲಿ ಇಟ್ಟ ನಕಲನ್ನು. ಜೆರೋಮ್ ಡ್ಯುಕೆನ್ವಾ 1619ರಲ್ಲಿ ಮಾಡಿಕೊಟ್ಟ ಅಸಲಿ ಮೂರ್ತಿ ಅಲ್ಲಿಂದ ಐದು ನಿಮಿಷದ ದಾರಿಯ ನಗರ ವಸ್ತುಸಂಗ್ರಹಾಲಯದೊಳಗೆ ಇದೆ, ಅದರ ಮುಂದೆ ಗದ್ದಲವೇ ಇರುವುದಿಲ್ಲ.

ಊರು ಹೊಸಬರಿಗೆ ಹಿಡಿಸದಿರಲು ಎರಡು ಕಾರಣಗಳಿವೆ. ಒಂದು, ಇಲ್ಲಿ ಹೊಳೆ ಇಲ್ಲ. ಇತ್ತು. ಸೆನ್ನೆ ಎಂಬ ಹೊಳೆ ಊರ ನಡುವೆಯೇ ಹರಿಯುತ್ತಿತ್ತು. ಗಲೀಜು, ಪ್ರವಾಹ, ಕಾಲರಾ ಎಂದು 1867ರಿಂದ 1871ರ ನಡುವೆ ಅದರ ಮೇಲೆ ಕಮಾನು ಕಟ್ಟಿ ಮುಚ್ಚಿ, ಮೇಲೆ ಹೆದ್ದಾರಿಯಂಥ ಬೀದಿಗಳನ್ನು ಹಾಕಿದರು. ಪ್ಯಾರಿಸ್‌ನಲ್ಲಿ ಏನೂ ತೋಚದಿದ್ದರೆ ಸೇನ್ ನದಿಯ ದಂಡೆ ಹಿಡಿದು ನಡೆದರಾಯಿತು. ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಕಾಲುವೆಗಳಿವೆ. ಬ್ರಸೆಲ್ಸ್‌ನಲ್ಲಿ ಸುಮ್ಮನೆ ತಿರುಗಾಡಲು ಅಂಥ ಎಳೆಯೇ ಇಲ್ಲ. ಎರಡು, ಉತ್ತರ ಮತ್ತು ದಕ್ಷಿಣದ ನಿಲ್ದಾಣಗಳನ್ನು ಊರ ನಡುವಿನಿಂದ ಜೋಡಿಸುವ ರೈಲು ಮಾರ್ಗ. 1911ರಲ್ಲಿ ಶುರುವಾದ ಕೆಲಸ ಮುಗಿದದ್ದು 1952ರಲ್ಲಿ. ಅಷ್ಟರಲ್ಲಿ ಹಳೆಯ ಓಣಿಗಳೆಷ್ಟೋ ನೆಲಸಮವಾಗಿದ್ದವು. ರೈಲಿನಲ್ಲಿ ಬಂದಿಳಿದವರಿಗೆ ಮೊದಲು ಕಾಣುವುದು ಆ ಗಾಯದ ಮೇಲೆ ಎದ್ದ ಕಚೇರಿ ಕಟ್ಟಡಗಳು. ಪ್ಯಾರಿಸ್ ರೈಲು ನಿಲ್ಲುವ ಮಿದಿ (ದಕ್ಷಿಣದ) ನಿಲ್ದಾಣದ ಸುತ್ತ ಕಿಸೆಗಳ್ಳರ ಕಾಟವೂ ಇದೆ.

ನನ್ನ ಸಲಹೆ ಗೆಂಟ್. ಬ್ರಸೆಲ್ಸ್‌ನಿಂದ ರೈಲಿನಲ್ಲಿ ಅರ್ಧ ತಾಸು ಚಿಲ್ಲರೆ. 1180ರ ಗ್ರಾವೆನ್‌ಸ್ಟೇನ್ ಕೋಟೆ ಊರ ನಡುವೆಯೇ ಇದೆ, ಹುಡುಗ ಖುಷಿಪಡುತ್ತಾನೆ. ಸಿಂಟ್ ಬಾಫ್ಸ್ ಕೆಥೆಡ್ರಲ್‌ನಲ್ಲಿ ವಾನ್ ಐಕ್ ಸಹೋದರರ 1432ರ ಮಡಚುವ ಚಿತ್ರಫಲಕ ಇದೆ, ಅದಕ್ಕೆ ಸಮಯ ಗೊತ್ತುಮಾಡಿಕೊಂಡು ಟಿಕೆಟ್ ತೆಗೆಸಬೇಕು. ನೆನಪಿರಲಿ, ಗೆಂಟ್‌ನ ಸಿಂಟ್ ಪೀಟರ್ಸ್ ನಿಲ್ದಾಣ ಊರ ನಡುವಿಂದ ಎರಡು ಕಿ.ಮೀ. ದೂರ. ನಡೆಯಲು ಹೋಗಬೇಡಿ, 1ನೇ ಟ್ರಾಮ್ ಹಿಡಿದು ಕೋರೆನ್‌ಮಾರ್ಕ್ಟ್‌ನಲ್ಲಿ ಇಳಿಯಿರಿ. ನಿಮ್ಮ ಮೈದುನರು ಹೇಳಿದ ಬ್ರೂಜ್ ಚೆಂದವೇ. ಆದರೆ ಮುಂಜಾನೆ ಹತ್ತರಿಂದ ಸಂಜೆ ಐದರವರೆಗೆ ಅದು ದಿನದ ಪ್ರವಾಸಿಗಳ ಪಾಲು. ಅಲ್ಲಿ ರಾತ್ರಿ ತಂಗುವವರಿಗೆ ಮಾತ್ರ ಆ ಊರು ಸಿಗುತ್ತದೆ.

ಧಾರವಾಡದಿಂದ, ವಾಸ್ತುಶಿಲ್ಪ ಕಲಿಸುವವರೊಬ್ಬರು:

ಗ್ರಾನ್ ಪ್ಲಾಸ್ ಚೌಕ ಒಂದರ ಸಲುವಾಗಿಯೇ ಬ್ರಸೆಲ್ಸ್‌ನಲ್ಲಿ ಒಂದು ರಾತ್ರಿ ತಂಗಬಹುದು. ನಡುಹಗಲು ಹೋದರೆ ಮಾತ್ರ ಅಲ್ಲಿ ಕೊಡೆ ಹಿಡಿದ ಗೈಡುಗಳ ಬೆನ್ನು ಬಿಟ್ಟು ಏನೂ ಕಾಣುವುದಿಲ್ಲ. ಎರಡು ತಾಸಿನ ಬಸ್ಸು ನಿಲ್ಲುವುದು ಸರಿಯಾಗಿ ಅದೇ ಹೊತ್ತಿಗೆ.

1695ರ ಆಗಸ್ಟ್ 13ರಿಂದ 15ರವರೆಗೆ ಫ್ರಾನ್ಸಿನ 14ನೇ ಲೂಯಿಯ ಸೇನಾಪತಿ ವಿಲ್ರುವಾ ಈ ಊರಿನ ಮೇಲೆ ಗುಂಡಿನ ಮಳೆ ಸುರಿಸಿದ. ನಾಲ್ಕು ಸಾವಿರಕ್ಕೂ ಹೆಚ್ಚು ಕಟ್ಟಡ ಹೋದವು. ಫಿರಂಗಿಯವರು ಗುರಿ ಹಿಡಿದದ್ದು ಪೌರಭವನದ 96 ಮೀಟರ್ ಗೋಪುರವನ್ನು. ಸುತ್ತಲಿನದೆಲ್ಲ ಸುಟ್ಟಿತು, ಗೋಪುರ ನಿಂತಿತು. ಅದರ ಸುತ್ತ ಈಗ ಕಾಣುವ ಮನೆಗಳನ್ನು ವೃತ್ತಿಸಂಘಗಳು ಐದಾರು ವರ್ಷದೊಳಗೆ ಮತ್ತೆ ಎಬ್ಬಿಸಿದವು. ಇಡೀ ಚೌಕಕ್ಕೆ ಒಂದೇ ಕಾಲದ ಕಳೆ ಇರುವುದು ಅದರಿಂದಲೇ. 1998ರಲ್ಲಿ ಅದು ವಿಶ್ವಪರಂಪರೆಯ ಪಟ್ಟಿ ಸೇರಿತು.

ನೋಡುವ ಕ್ರಮ ಹೀಗೆ. ಪೌರಭವನಕ್ಕೆ ಮುಖ ಮಾಡಿ ನಿಂತರೆ ಬಲಗೈಗೆ ಬರುವ ಸಾಲು 1ರಿಂದ 7ನೇ ನಂಬರಿನ ಮನೆಗಳದ್ದು. ಆ ಸಾಲಿಗೆ ಬೆಳಗಿನ ಬಿಸಿಲು ಬೀಳುತ್ತದೆ, ಹಾಗಾಗಿ ಎಂಟು ಗಂಟೆಗೆ ಹೋಗಿ. ಮನೆ ನಂಬರು ಇಲ್ಲದ ಕಾಲದಲ್ಲಿ ಕಟ್ಟಿದವು ಇವು, ಗುರುತಿಗೆ ಶಿಲ್ಪವೇ ಆಧಾರ. 6ನೇ ಮನೆ ದೋಣಿಯವರ ಸಂಘದ್ದು, ನೆತ್ತಿಯ ಭಾಗ ಹಡಗಿನ ಹಿಂಬದಿಯ ಆಕಾರದಲ್ಲಿದೆ. 5ನೆಯದು ಬಿಲ್ಲುಗಾರರದ್ದು, ಬಾಗಿಲ ಮೇಲೆ ತೋಳದ ಹಾಲು ಕುಡಿಯುವ ಅವಳಿ ಮಕ್ಕಳು, ಎಲ್ಲಕ್ಕಿಂತ ಮೇಲೆ ಬೂದಿಯಿಂದ ಏಳುವ ಫೀನಿಕ್ಸ್ ಹಕ್ಕಿ. ಸುಟ್ಟು ಮತ್ತೆ ಕಟ್ಟಿದ ಮನೆ ಎಂದು ಹೇಳುವ ರೀತಿ ಅದು. 2–3ನೆಯದು ಪ್ರಾಣಿಕೊಬ್ಬಿನ ವ್ಯಾಪಾರಿಗಳದ್ದು, ಅದರ ಗುರುತು ಒಂದು ಕೈಗಾಡಿ. ಪೌರಭವನದ ಗೋಪುರ ನಡುವಿಗೆ ಸರಿಯಾಗಿಲ್ಲ, ಎಡ ರೆಕ್ಕೆ ಉದ್ದ, ಬಲದ್ದು ಗಿಡ್ಡ. ತಪ್ಪು ಗೊತ್ತಾಗಿ ಶಿಲ್ಪಿ ಮೇಲಿಂದ ಹಾರಿ ಸತ್ತ ಎಂದು ಗೈಡುಗಳು ಹೇಳುವುದು ಕಟ್ಟುಕಥೆ. ಎಡ ರೆಕ್ಕೆ 1402ರಲ್ಲಿ ಶುರುವಾಯಿತು, ಬಲದ್ದು 1444ರಲ್ಲಿ, ಅಷ್ಟು ಹೊತ್ತಿಗೆ ಆ ಬದಿಗೆ ಜಾಗ ಇರಲಿಲ್ಲ.

ಎರಡನೆಯದು ವಾಸ್ತುಶಿಲ್ಪಿ ವಿಕ್ಟರ್ ಓರ್ತಾ ಕಟ್ಟಿದ ಮನೆಗಳು. ಬ್ರಸೆಲ್ಸ್‌ನ ಮನೆಗಳು ಸಾಲುಮನೆಗಳು: ಮುಂಭಾಗ ಕಿರಿದು, ಒಳಗೆ ಉದ್ದಕ್ಕೆ ಉದ್ದ, ನಡುಮನೆಗೆ ಕತ್ತಲು. ಹಳೇ ಹುಬ್ಬಳ್ಳಿಯ ಮನೆಗಳ ಮಾಳಿಗೆಯಲ್ಲಿ ಬೆಳಕಿಂಡಿ ಬಿಡುತ್ತಿದ್ದರಲ್ಲ, ಓರ್ತಾ ಅದನ್ನೇ ದೊಡ್ಡದು ಮಾಡಿದ ಅನ್ನಿ. ಮೆಟ್ಟಿಲನ್ನು ಮನೆಯ ನಡುವಿಗೆ ತಂದು, ಗೋಡೆಯ ಬದಲು ಬಳ್ಳಿಯಂತೆ ಬಾಗಿದ ಕಬ್ಬಿಣದ ಕಂಬ ಕೊಟ್ಟು, ನೆತ್ತಿಯಲ್ಲಿ ಗಾಜು ಹಾಸಿದ. ಮೇಲಿನ ಬೆಳಕು ಕೆಳಗಿನ ಮಹಡಿಯವರೆಗೆ ಇಳಿಯುತ್ತದೆ. 1893ರ ತಾಸೆಲ್ ಮನೆ ಇದರ ಮೊದಲ ಮಾದರಿಗಳಲ್ಲಿ ಒಂದು. ಒಳಗೆ ನೋಡಲು ಸುಲಭವಾಗಿ ಸಿಗುವುದು ಸ್ಯಾಂ ಜಿಲ್ ಬಡಾವಣೆಯಲ್ಲಿ 1898ರಿಂದ 1901ರ ನಡುವೆ ಅವನು ತನಗಾಗಿ ಕಟ್ಟಿಕೊಂಡ ಮನೆ. ವಾರದ ದಿನಗಳಲ್ಲಿ ಮಧ್ಯಾಹ್ನದ ಮೇಲಷ್ಟೇ ತೆರೆಯುತ್ತಾರೆ, ಒಂದು ಹೊತ್ತಿಗೆ ಇಷ್ಟೇ ಜನ ಎಂಬ ಮಿತಿ ಇದೆ, ಮುಂಗಡ ಟಿಕೆಟ್ ಇಲ್ಲದೆ ಹೋಗಬೇಡಿ. ಮೆಟ್ಟಿಲು ಕಿರಿದು, ಲಿಫ್ಟ್ ಇಲ್ಲ. ಅತ್ತೆಯವರಿಗೆ ಇದು ಆಗದು.

ಇದೇ ಓರ್ತಾ ಕಾರ್ಮಿಕರ ಪಕ್ಷಕ್ಕಾಗಿ ಕಟ್ಟಿದ್ದ ಜನತಾಭವನವನ್ನು 1965ರಲ್ಲಿ ಕೆಡವಿ ಅಲ್ಲಿ ಕಚೇರಿ ಗೋಪುರ ಎಬ್ಬಿಸಿದರು. ಹಳೆಯದನ್ನು ವಿಚಾರವಿಲ್ಲದೆ ಉರುಳಿಸುವುದಕ್ಕೆ ಪಟ್ಟಣ ಯೋಜನೆಯವರು ಇಂದಿಗೂ ಬ್ರಸೆಲ್ಸ್ ಹೆಸರನ್ನೇ ಬಳಸುತ್ತಾರೆ. ಊರು ಕುರೂಪ ಅನ್ನುವವರು ಪೂರ್ತಿ ತಪ್ಪಲ್ಲ. ಒಂದು ಊರು ತನ್ನನ್ನು ತಾನೇ ಹೇಗೆ ಹಾಳು ಮಾಡಿಕೊಳ್ಳುತ್ತದೆ, ಉಳಿದದ್ದನ್ನು ಹೇಗೆ ಜೋಪಾನ ಮಾಡುತ್ತದೆ ಎರಡನ್ನೂ ಒಂದೇ ನಡಿಗೆಯಲ್ಲಿ ನೋಡಬಹುದಾದ ಜಾಗ ಇದು. ಬ್ರೂಜ್‌ನಲ್ಲಿ ಅದು ಸಿಗದು.

ಹುಬ್ಬಳ್ಳಿಯಿಂದ, ಅಡಿಗೆಯ ಬಗ್ಗೆ ಬರೆಯುವ ಓದುಗರೊಬ್ಬರು:

ಅಕ್ಕಾವ್ರ, ಊರು ಛಲೋ ಐತೋ ಇಲ್ಲೋ ಅನ್ನೂದು ಆಮ್ಯಾಲ ನೋಡೂಣು. ನಿಮ್ಮ ಅತ್ತಿಯವರು ಶುದ್ಧ ಶಾಕಾಹಾರಿ ಅಂತ ಬರದೀರಿ, ಅದಕ್ಕ ಮೊದಲ ಇದನ್ನ ತಿಳ್ಕೋರಿ: ಬೆಲ್ಜಿಯಂದಾಗ ಬಟಾಟಿ ಫ್ರೈಸ್ ಕರಿಯೂದು ದನದ ಕೊಬ್ಬಿನ್ಯಾಗ. ಎಲ್ಲಾ ಅಂಗಡ್ಯಾಗೂ ಅಲ್ಲ, ಆದ್ರ ಹಳೇ ಪದ್ಧತಿ ಹಿಡಕೊಂಡ ಅಂಗಡ್ಯಾಗ ಅದ ರೂಢಿ, ಅದರ ರುಚಿಗೇ ಮಂದಿ ಪಾಳಿ ಹಚ್ಚತಾರ. ಬಿಂತ್ಯೆ ಅನ್ನೂ ಜಾತಿ ಬಟಾಟಿ ತಗೊಂಡು ಬೆರಳಿನಷ್ಟ ದಪ್ಪ ಹೆಚ್ಚತಾರ. ಒಂದನೇ ಸಲ 140–150 ಡಿಗ್ರಿ ಶಾಖದಾಗ ಐದಾರು ನಿಮಿಷ ಬೇಯಸತಾರ, ಬಣ್ಣ ಬರಬಾರದು. ತಗದು ಆರಾಕ ಬಿಡತಾರ. ಗಿರಾಕಿ ಬಂದಮ್ಯಾಲ ಎರಡನೇ ಸಲ 175–180 ಡಿಗ್ರಿಯೊಳಗ ಎರಡು-ಮೂರು ನಿಮಿಷ. ನಡುವ ಆರಸದಿದ್ರ ಒಳಗಿನ ಹಬಿ ಹೊರಗ ಬಂದು ಮ್ಯಾಲಿನ ಪದರ ಮೆತ್ತಗ ಆಗತೈತಿ, ಕುರುಕುರು ಅನ್ನೂದಿಲ್ಲ. ದನದ ಕೊಬ್ಬು ತಣ್ಣಗಾದಾಗ ಹೆಪ್ಪುಗಟ್ಟತೈತಿ, ಹಿಂಗಾಗಿ ಆರಿದ ಫ್ರೈಸ್ ತುಟಿಗೆ ಮೇಣದಂಗ ಅಂಟತೈತಿ. ಆದ್ರ ಅಷ್ಟರಾಗ ತಿಂದಾಗಿರತೈತಲ್ರಿ.

ಅದಕ್ಕ ಕೇಳಿ ತಗೋರಿ. ಫಲಕದ ಮ್ಯಾಲ “ಬ್ಲಾಂ ದ ಬಫ್” ಇಲ್ಲಾ “ಒಸ್ಸೆನ್‌ವಿಟ್” ಅಂತಿದ್ರ ಅದು ದನದ ಕೊಬ್ಬು. “ವೆಜಿಟೇಬಲ್ ಆಯಿಲ್?” ಅಂತ ಇಂಗ್ಲಿಷಿನ್ಯಾಗ ಕೇಳಿದ್ರ ನಡಿತೈತಿ. ಇಷ್ಟಕ್ಕ ಮುಗೀಲಿಲ್ಲ. ಎಣ್ಣಿ ಶೇಂಗಾದ್ದ ಇರಲಿ, ಸೂರ್ಯಕಾಂತೀದ ಇರಲಿ, ಅದ ಕಡಾಯ್ಯಾಗ ಮಾಂಸದ ಕಟ್ಲೆಟ್ ಕರದಿರತಾರ. ಅತ್ತಿಯವರಿಗೆ ಅದೂ ಆಗೂದಿಲ್ಲಂದ್ರ ಫ್ರೈಸ್ ಆಸೆ ಬಿಡೂದ ಛಲೋ.

ವಾಫಲ್ ಎರಡು ಥರ. ಬ್ರಸೆಲ್ಸ್‌ದು ಉದ್ದಚೌಕ, ಹಗುರ, ಮ್ಯಾಲ ಪುಡಿ ಸಕ್ಕರಿ. ಲಿಯೇಜ್‌ದು ಅಡ್ಡಾದಿಡ್ಡಿ ಅಂಚಿಂದು, ಹಿಟ್ಟಿನ್ಯಾಗ ಸಕ್ಕರಿ ಹರಳು ಹಾಕಿರತಾರ, ಅವು ಕಾದ ಕಬ್ಬಿಣದಾಗ ಕರಗಿ ಪಾಕ ಆಗತಾವು. ಎರಡರಾಗೂ ತತ್ತಿ ಐತಿ. “ವೆಜಿಟೇರಿಯನ್” ಅಂದ್ರ ಅಲ್ಲಿಯವರು ತತ್ತಿ ಬಿಡೂದಿಲ್ಲ, “ವೀಗನ್” ಅಂತ ಕೇಳ್ರಿ. ಅಂದ್ರ ಹಾಲು ಮೊಸರೂ ಬಿಟ್ಟಂಗ ಆಗತೈತಿ, ಆದ್ರ ಸಂಶೆ ಉಳಿಯೂದಿಲ್ಲ. ಟೊಮೆಟೊ ಸೂಪಿನ್ಯಾಗ ಸಣ್ಣ ಮಾಂಸದ ಉಂಡಿ ಬಿಡೂ ರೂಢಿ ಐತಿ, ನೋಡದ ಆರ್ಡರ್ ಮಾಡಬ್ಯಾಡ್ರಿ. ಸ್ಪೆಕುಲೋಸ್ ಅನ್ನೂ ದಾಲ್ಚಿನ್ನಿ ಬಿಸ್ಕೀಟಿನ್ಯಾಗ ಸಾಮಾನ್ಯವಾಗಿ ತತ್ತಿ ಇರೂದಿಲ್ಲ, ಪಾಕೀಟ ಮ್ಯಾಲಿನದು ಓದಿ ತಗೋರಿ. ಹೋಟೆಲಿನ್ಯಾಗ ನೀರು ಪುಕ್ಕಟೆ ಕೊಡೂದಿಲ್ಲ, ಬಾಟ್ಲಿಗೆ ರೊಕ್ಕ. ನಳದ ನೀರು ಕುಡಿಯಾಕ ಬರತೈತಿ, ಕೋಣ್ಯಾಗ ತುಂಬಕೊಂಡ ಹೊರಡ್ರಿ.

ಶಾಕಾಹಾರದ ಮಟ್ಟಿಗೆ ಹೇಳಬೇಕಂದ್ರ ಬ್ರಸೆಲ್ಸ್‌ಕ್ಕಿಂತ ಗೆಂಟ್ ಛಲೋ. 2009ರಿಂದ ಆ ಊರಾಗ ಗುರುವಾರ ಮಾಂಸ ಬಿಡ್ರಿ ಅಂತ ಪಾಲಿಕೆನ ಪ್ರಚಾರ ಮಾಡೇತಿ, ಆ ಮ್ಯಾಲ ಶಾಕಾಹಾರದ ಖಾನಾವಳಿ ಭಾಳ ಆಗ್ಯಾವು. ನಮ್ಮ ಥರ ಊಟ ಬೇಕಂದ್ರ ಆಂಟ್‌ವರ್ಪ್. ವಜ್ರದ ವ್ಯಾಪಾರಕ್ಕ ಹೋದ ಗುಜರಾತಿ ಜೈನರು ಅಲ್ಲಿ ನೆಲಿ ನಿಂತಾರ, ಊರ ಹೊರಗ ವಿಲ್ರೈಕ್‌ದಾಗ ಅವರ ಬಸದೀನೂ ಐತಿ. ರೈಲು ನಿಲ್ದಾಣದ ಬಾಜೂಕ ವಜ್ರದ ಓಣಿ, ಅದರ ಸುತ್ತ ಶಾಕಾಹಾರಿ ಊಟ ಸಿಗತೈತಿ.

ಹುಬ್ಬಳ್ಳಿಯಿಂದಲೇ, ರೈಲ್ವೆ ಕಾಲೊನಿಯ ಓದುಗರೊಬ್ಬರು:

ಮಗನಿಗೆ ಎರಡು ಜಾಗ. ಷಾರ್‌ಬೀಕ್ ನಿಲ್ದಾಣದಲ್ಲಿ 2015ರಲ್ಲಿ ತೆರೆದ ಟ್ರೇನ್ ವರ್ಲ್ಡ್. ಯುರೋಪಿನ ಮುಖ್ಯಭೂಮಿಯ ಮೊದಮೊದಲ ಪ್ರಯಾಣಿಕ ಉಗಿರೈಲುಗಳಲ್ಲಿ ಒಂದು 1835ರ ಮೇ 5ರಂದು ಬ್ರಸೆಲ್ಸ್‌ನಿಂದ ಮೆಖೆಲೆನ್‌ಗೆ ಓಡಿತು. ಹಳೆಯ ಇಂಜಿನ್‌ಗಳ ಪಕ್ಕದಲ್ಲೇ ನಿಂತು ನೋಡಬಹುದು. ಇನ್ನೊಂದು ನಿಸರ್ಗ ವಿಜ್ಞಾನ ಸಂಗ್ರಹಾಲಯ. 1878ರಲ್ಲಿ ಬೆರ್ನಿಸಾರ್ ಎಂಬಲ್ಲಿ ಕಲ್ಲಿದ್ದಲು ಗಣಿ ಅಗೆಯುತ್ತಿದ್ದವರಿಗೆ 322 ಮೀಟರ್ ಆಳದಲ್ಲಿ ಇಗ್ವಾನೊಡಾನ್ ಡೈನೊಸಾರ್‌ಗಳ ಹಿಂಡಿನ ಮೂಳೆ ಸಿಕ್ಕವು, ಬಿಡಿಬಿಡಿಯಲ್ಲ, ಪೂರ್ತಿ ಅಸ್ಥಿಪಂಜರಗಳು. ಕೆಲವನ್ನು ನಿಲ್ಲಿಸಿ ಇಟ್ಟಿದ್ದಾರೆ, ಉಳಿದವು ಸಿಕ್ಕ ಭಂಗಿಯಲ್ಲೇ ಮಲಗಿವೆ. ನಿಲ್ಲಿಸಿದ ಭಂಗಿ ತಪ್ಪು ಎಂದು ಈಗ ವಿಜ್ಞಾನಿಗಳೇ ಹೇಳುತ್ತಾರೆ, ಬಾಲ ಅಷ್ಟು ಬಾಗುತ್ತಿರಲಿಲ್ಲ. ಹುಡುಗನಿಗೆ ಅದನ್ನು ತೋರಿಸಿ ಹೇಳಿ. ಎರಡೂ ಸೋಮವಾರ ಬಂದ್.

ಆಟೋಮಿಯಂ ಬೇಕೇಬೇಕು ಎಂದರೆ: 1958ರ ವಿಶ್ವಮೇಳಕ್ಕೆ ಕಟ್ಟಿದ್ದು, 102 ಮೀಟರ್ ಎತ್ತರ, 18 ಮೀಟರ್ ಅಡ್ಡಳತೆಯ ಒಂಬತ್ತು ಗೋಳ, ಕಬ್ಬಿಣದ ಹರಳಿನ ರಚನೆಯನ್ನು 165 ಶತಕೋಟಿ ಪಟ್ಟು ಹಿಗ್ಗಿಸಿದ ರೂಪ. ಸೆಂಟ್ರಲ್‌ ನಿಲ್ದಾಣದಿಂದ ಮೆಟ್ರೊ ಹಿಡಿದು ಆರ್-ಲ್ವಾದಲ್ಲಿ 6ನೇ ಮಾರ್ಗಕ್ಕೆ ಬದಲಿಸಿ ಹೈಸೆಲ್‌ನಲ್ಲಿ ಇಳಿಯಬೇಕು. ತುತ್ತತುದಿಯ ಗೋಳಕ್ಕೆ ಲಿಫ್ಟ್ ಇದೆ. ಉಳಿದವುಗಳ ನಡುವೆ ಎಸ್ಕಲೇಟರ್ ಜೊತೆ ಕಡಿದಾದ ಮೆಟ್ಟಿಲುಗಳೂ ಇವೆ. ಹೊರಗಿನಿಂದ ನೋಡಿದರೆ ಮುಕ್ಕಾಲು ಪಾಲು ನೋಡಿದಂತೆ, ಟಿಕೆಟ್ ದುಡ್ಡು ಉಳಿಸಿ.

ಹಾವೇರಿಯಿಂದ, ಇತಿಹಾಸದ ನಿವೃತ್ತ ಅಧ್ಯಾಪಕರು:

ಬ್ರಸೆಲ್ಸ್‌ನ ಕಮಾನು, ವಿಶಾಲ ಬೀದಿ, ಉದ್ಯಾನಗಳನ್ನು ಹೊಗಳುವ ಮುನ್ನ ಅವುಗಳಲ್ಲಿ ಎಷ್ಟಕ್ಕೋ ಹಣ ಎಲ್ಲಿಂದ ಬಂತೆಂದು ನೋಡಬೇಕು. 1885ರಿಂದ 1908ರವರೆಗೆ ಆಫ್ರಿಕಾದ ಕಾಂಗೊ ಬೆಲ್ಜಿಯಂನ ಎರಡನೆಯ ಲಿಯೊಪೋಲ್ಡ್ ದೊರೆಯ ಖಾಸಗಿ ಆಸ್ತಿಯಾಗಿತ್ತು. ರಬ್ಬರು, ದಂತಕ್ಕಾಗಿ ಅಲ್ಲಿ ನಡೆದ ಕ್ರೌರ್ಯಕ್ಕೆ ಮಿತಿ ಇರಲಿಲ್ಲ. 1897ರ ವಿಶ್ವಮೇಳದಲ್ಲಿ ಊರ ಹೊರಗಿನ ಟೆರ್ವುರೆನ್‌ನಲ್ಲಿ ಕಾಂಗೊದ ಜನರನ್ನೇ ಪ್ರದರ್ಶನಕ್ಕಿಟ್ಟರು, ಅವರಲ್ಲಿ ಏಳು ಜನ ಅಲ್ಲೇ ತೀರಿಕೊಂಡರು. ಆ ಜಾಗದ ಆಫ್ರಿಕಾ ವಸ್ತುಸಂಗ್ರಹಾಲಯ ಐದು ವರ್ಷ ಮುಚ್ಚಿ, 2018ರ ಡಿಸೆಂಬರ್‌ನಲ್ಲಿ ಹೊಸ ವಿವರಣೆಗಳೊಂದಿಗೆ ತೆರೆಯಿತು. ಮಾಂಟ್‌ಗೊಮೆರಿ ನಿಲ್ದಾಣದಿಂದ 44ನೇ ಟ್ರಾಮ್, ಕಾಡಿನ ನಡುವೆ ಹಾಯುವ ದಾರಿ. ಅರ್ಧ ದಿನ ಬೇಕು. ಎರಡೇ ರಾತ್ರಿ ಇದ್ದವರಿಗೆ ಹೊಂದುವುದು ಕಷ್ಟ. ಹೊಂದಿಸಿಕೊಂಡರೆ ಮಾತ್ರ ಊರು ಅರ್ಧಕ್ಕಿಂತ ಹೆಚ್ಚು ಅರ್ಥವಾದೀತು.

ನಮ್ಮ ಮಾತು:

ಗದಗದವರ ದೂರುಗಳೆಲ್ಲ ನಿಜ, ಆದರೂ ನಾವು ಧಾರವಾಡದವರ ಕಡೆ. ಬ್ರಸೆಲ್ಸ್‌ನಲ್ಲಿ ತಂಗಿ, ಗೆಂಟ್‌ಗೆ ಒಂದು ದಿನ ಹೋಗಿಬನ್ನಿ. ಕಾರಣ ಲೆಕ್ಕದ್ದು. ಬ್ರಸೆಲ್ಸ್ ಹೋಟೆಲುಗಳು ನಡೆಯುವುದು ಯುರೋಪಿಯನ್ ಯೂನಿಯನ್ ಕೆಲಸಕ್ಕೆ ಬರುವ ಅಧಿಕಾರಿಗಳಿಂದ. ಸೋಮವಾರದಿಂದ ಗುರುವಾರದವರೆಗೆ ಕೋಣೆ ತುಟ್ಟಿ, ಶುಕ್ರವಾರ ಶನಿವಾರ ಸೋವಿ. ಬ್ರೂಜ್, ಗೆಂಟ್‌ಗಳಲ್ಲಿ ಇದು ತಿರುವುಮುರುವು. ನಿಮ್ಮ ಖಾಲಿ ರಾತ್ರಿಗಳು ಶುಕ್ರವಾರ, ಶನಿವಾರವೇ ಬೀಳುವಂತೆ ಪ್ಯಾರಿಸ್ ಹೋಟೆಲ್ ದಿನ ಹಿಂದೆಮುಂದೆ ಮಾಡಿ. ಸೋಮವಾರದ ಬಂದ್ ಕೂಡ ಆಗ ತಪ್ಪುತ್ತದೆ.

ಶುಕ್ರವಾರ ಪ್ಯಾರಿಸ್‌ನಿಂದ ಯುರೋಸ್ಟಾರ್ ಎಂಬ ವೇಗದ ರೈಲು, 1 ತಾಸು 22 ನಿಮಿಷ. ಇದರ ದರ ದಿನಗಳೆದಂತೆ ಏರುತ್ತದೆ, ವೀಸಾ ಬಂದ ದಿನವೇ ತೆಗೆಸಿ. ಮಿದಿಯಲ್ಲಿ ಇಳಿದ ಮೇಲೆ ನಿಲ್ದಾಣದ ಹೊರಗೆ ಹೋಗಲೇಬೇಡಿ. ಒಳಗಿಂದಲೇ ಸೆಂಟ್ರಲ್ ಕಡೆಯ ಯಾವ ರೈಲು ಹತ್ತಿದರೂ ನಾಲ್ಕೈದು ನಿಮಿಷ, ಟಿಕೆಟ್ ಬೇರೆ ತೆಗೆಸಬೇಕು. ಸೆಂಟ್ರಲ್‌ನಿಂದ ಗ್ರಾನ್ ಪ್ಲಾಸ್ ಐದು ನಿಮಿಷದ ಇಳಿಜಾರು, ಹೋಟೆಲನ್ನು ಆ ಸುತ್ತಲೇ ಹಿಡಿಯಿರಿ. ಮಧ್ಯಾಹ್ನ ಅತ್ತೆಯವರು ವಿಶ್ರಾಂತಿ ತಗೊಳ್ಳಲಿ, ನಿಮ್ಮಲ್ಲಿ ಒಬ್ಬರು ಓರ್ತಾ ಮನೆಗೆ ಹೋಗಬಹುದು. ಮೇ ತಿಂಗಳಲ್ಲಿ ಸೂರ್ಯ ಮುಳುಗುವಾಗ ರಾತ್ರಿ ಒಂಬತ್ತು ದಾಟಿರುತ್ತದೆ. ಚೌಕದ ದೀಪ ನೋಡಬೇಕೆಂದರೆ ಊಟ ಮುಗಿಸಿ ಹತ್ತರ ಹೊತ್ತಿಗೆ ಹೊರಡಿ. ಶನಿವಾರ ಗೆಂಟ್. ಭಾನುವಾರ ಎಂಟಕ್ಕೆ ಚೌಕದ ಬೆಳಗು, ಆಮೇಲೆ ಡೈನೊಸಾರ್ ಅಥವಾ ರೈಲು, ಎರಡರಲ್ಲಿ ಒಂದು. ಎರಡನ್ನೂ ತುರುಕಿದರೆ ಹುಡುಗ ಸುಸ್ತು, ದೊಡ್ಡವರು ಸಿಡಿಮಿಡಿ. ಮಧ್ಯಾಹ್ನದ ಮೇಲೆ ಆಮ್‌ಸ್ಟರ್‌ಡ್ಯಾಮ್ ರೈಲು: ಯುರೋಸ್ಟಾರ್‌ನಲ್ಲಿ ಎರಡು ತಾಸು.

ಮೊಣಕಾಲಿನ ವಿಚಾರ. ಊರು ಎರಡು ಅಟ್ಟ: ಕೆಳಗಿನ ಊರಲ್ಲಿ ಚೌಕ, ಮೇಲಿನ ಊರಲ್ಲಿ ಅರಮನೆ, ಚಿತ್ರಶಾಲೆಗಳು. ನಡುವೆ ಮೆಟ್ಟಿಲು, ಏರು. ಕೆಳಗಿನ ಮರೋಲ್ ಬಡಾವಣೆಯಿಂದ ನ್ಯಾಯಾಲಯದ ಬಳಿಯ ಪುಲಾರ್ ಚೌಕಕ್ಕೆ ಸಾರ್ವಜನಿಕ ಗಾಜಿನ ಲಿಫ್ಟ್ ಇದೆ, ದುಡ್ಡಿಲ್ಲ. ಕೆಲವೊಮ್ಮೆ ಕೆಟ್ಟು ನಿಂತಿರುತ್ತದೆ, ಆಗ ಟ್ರಾಮ್ ಹಿಡಿಯಿರಿ. ಟ್ರಾಮ್, ಮೆಟ್ರೊ, ಬಸ್ಸಿಗೆ ಬ್ಯಾಂಕ್ ಕಾರ್ಡನ್ನೇ ಯಂತ್ರಕ್ಕೆ ತಾಗಿಸಿದರೆ ಸಾಕು. ಒಬ್ಬರಿಗೆ ಒಂದು ಕಾರ್ಡ್. ಒಂದೇ ಕಾರ್ಡನ್ನು ಮೂವರಿಗೆ ತಾಗಿಸಿದರೆ ಒಬ್ಬರದು ಮಾತ್ರ ದಾಖಲಾಗಿ, ತಪಾಸಣೆಯಲ್ಲಿ ಉಳಿದಿಬ್ಬರಿಗೆ ದಂಡ ಬೀಳಬಹುದು. ಕಲ್ಲುಹಾಸಿನ ಬೀದಿಗೆ ತೆಳು ಅಟ್ಟೆಯ ಚಪ್ಪಲಿ ಬೇಡ.

ಇದೇ ವಿಷಯಕ್ಕೆ ಬಂದ ಚಿಲ್ಲರೆ ಪ್ರಶ್ನೆಗಳು:

ವೀಸಾಗೆ ಯಾವ ದೇಶಕ್ಕೆ ಅರ್ಜಿ? (ನವನಗರ, ಹುಬ್ಬಳ್ಳಿ)
ಹೆಚ್ಚು ರಾತ್ರಿ ತಂಗುವ ದೇಶಕ್ಕೆ. ಈ ಕುಟುಂಬಕ್ಕೆ ಅದು ಫ್ರಾನ್ಸ್. ರಾತ್ರಿಗಳು ಸಮ ಬಿದ್ದರೆ ಮೊದಲು ಕಾಲಿಡುವ ದೇಶ. ಬೆಂಗಳೂರಿನ ಅರ್ಜಿ ಕೇಂದ್ರಕ್ಕೆ ಖುದ್ದಾಗಿ ಹೋಗಬೇಕು. ಶುಲ್ಕ ದೊಡ್ಡವರಿಗೆ 90 ಯೂರೋ, 6ರಿಂದ 12 ವರ್ಷದೊಳಗಿನವರಿಗೆ 45, ಕೇಂದ್ರದ ಸೇವಾಶುಲ್ಕ ಬೇರೆ. 12 ತುಂಬದ ಮಕ್ಕಳಿಗೆ ಬೆರಳಚ್ಚು ಇಲ್ಲ. ವಿಮೆ ಕನಿಷ್ಠ 30,000 ಯೂರೋದ್ದು. ಪಾಸ್‌ಪೋರ್ಟ್ ಹತ್ತು ವರ್ಷದೊಳಗೆ ಕೊಟ್ಟದ್ದಾಗಿರಬೇಕು, ಮರಳುವ ದಿನದಿಂದ ಇನ್ನೂ ಮೂರು ತಿಂಗಳು ಚಾಲ್ತಿಯಲ್ಲಿರಬೇಕು, ಎರಡು ಖಾಲಿ ಪುಟ ಇರಬೇಕು. ಅರ್ಜಿಯನ್ನು ಆರು ತಿಂಗಳು ಮುಂಚಿನಿಂದಲೇ ಹಾಕಬಹುದು. ಮೇ ಪ್ರಯಾಣಕ್ಕೆ ಏಪ್ರಿಲ್‌ವರೆಗೆ ಕಾದರೆ ಭೇಟಿಯ ದಿನವೇ ಸಿಗುವುದಿಲ್ಲ. ಹೋಟೆಲ್ ದಿನ ಬದಲಿಸುವುದಿದ್ದರೆ ಅರ್ಜಿಗೆ ಮುಂಚೆ ಬದಲಿಸಿ.

ನಡುವೆ ಲಂಡನ್‌ಗೂ ಹೋಗಿಬರಬಹುದೆ, ರೈಲಿನಲ್ಲಿ ಎರಡೇ ತಾಸಂತೆ? (ಬೆಟಗೇರಿ)
ತಾಸಿನ ಲೆಕ್ಕ ಸರಿ. ಆದರೆ ಬ್ರಿಟನ್ ವೀಸಾ ಬೇರೆ. ಫ್ರಾನ್ಸ್, ಬೆಲ್ಜಿಯಂ, ನೆದರ್‌ಲ್ಯಾಂಡ್ಸ್‌ಗೆಲ್ಲ ನಡೆಯುವ ಷೆಂಗೆನ್ ವೀಸಾ ಒಂದೇ ಪ್ರವೇಶದ್ದಾಗಿದ್ದರೆ ಲಂಡನ್‌ಗೆ ಹೊರಟ ಕ್ಷಣಕ್ಕೇ ಅದು ಮುಗಿಯಿತು, ಮರಳಿ ಬ್ರಸೆಲ್ಸ್‌ಗೆ ಬರಲಾಗದು. ವೀಸಾ ಚೀಟಿಯ ಮೇಲೆ ಪ್ರವೇಶಗಳ ಸಂಖ್ಯೆ 01 ಎಂದಿದೆಯೋ ಮಲ್ಟ್ (ಹಲವು ಸಲ) ಎಂದಿದೆಯೋ ನೋಡಿ.

ನಿಲ್ದಾಣದ ಫಲಕದಲ್ಲಿ ಒಂದೇ ಊರಿಗೆ ಎರಡು ಹೆಸರು ಯಾಕೆ? (ಮಾಳಮಡ್ಡಿ, ಧಾರವಾಡ)
ಬ್ರಸೆಲ್ಸ್‌ನಲ್ಲಿ ಫ್ರೆಂಚ್, ಡಚ್ ಎರಡೂ ಅಧಿಕೃತ. ಊರು ದಾಟಿದರೆ ಸುತ್ತ ಫ್ಲಾಂಡರ್ಸ್ ಪ್ರಾಂತ, ಅಲ್ಲಿ ಡಚ್ ಮಾತ್ರ. ಹಾಗಾಗಿ ರೈಲು ಗಡಿ ದಾಟಿದೊಡನೆ ಫಲಕವೂ ಘೋಷಣೆಯೂ ಒಂದೇ ಭಾಷೆಗೆ ಇಳಿಯುತ್ತವೆ. ಮಿದಿ ಅಂದರೂ ಜ಼ೌಡ್ ಅಂದರೂ ಒಂದೇ ನಿಲ್ದಾಣ. ಲಿಯೇಜ್‌ಗೆ ಲೌಕ್, ಮಾನ್ಸ್‌ಗೆ ಬೆರ್ಖೆನ್, ಫ್ರಾನ್ಸಿನ ಲೀಲ್‌ಗೆ ರೈಸೆಲ್ ಎಂದು ಬರುತ್ತದೆ. ಹೊರಡುವ ಮುನ್ನ ನಿಮ್ಮ ಊರುಗಳ ಎರಡೂ ಹೆಸರು ಬರೆದಿಟ್ಟುಕೊಳ್ಳಿ. ಗಡಿಯ ಭಾಷಾ ತಂಟೆ ಬೆಳಗಾವಿ ಬದಿಯವರಿಗೆ ಹೊಸದೇನಲ್ಲ ಬಿಡಿ.

“ಬ್ರಸೆಲ್ಸ್ ಸೌತ್” ಎಂಬ ವಿಮಾನ ನಿಲ್ದಾಣಕ್ಕೆ ಟಿಕೆಟ್ ಸೋವಿ ಇದೆ. ತಗೊಳ್ಳಬಹುದೆ? (ರಾಣೆಬೆನ್ನೂರು)
ಅದು ಷಾರ್ಲರ್ವಾ, ಊರಿನಿಂದ ಐವತ್ತು ಕಿ.ಮೀ. ಆಚೆ. ಬಸ್ಸಿಗೆ ಒಂದು ತಾಸು, ಖರ್ಚು ಬೇರೆ, ಎರಡನ್ನೂ ಕೂಡಿಸಿ ನೋಡಿ. ಊರಿನ ನಿಲ್ದಾಣ ಜ಼ಾವೆಂಟೆಮ್, ಅಲ್ಲಿಂದ ಸೆಂಟ್ರಲ್‌ಗೆ ರೈಲಿನಲ್ಲಿ ಇಪ್ಪತ್ತು ನಿಮಿಷದೊಳಗೆ. ಆ ಟಿಕೆಟ್‌ನಲ್ಲಿ ಡಯಾಬೊಲೊ ಎಂಬ ಹೆಚ್ಚುವರಿ ಶುಲ್ಕ ಸೇರಿರುತ್ತದೆ, ದೂರಕ್ಕೆ ಹೋಲಿಸಿದರೆ ತುಟ್ಟಿ ಅನಿಸುವುದು ಅದಕ್ಕೆ.

ಮಳೆ ಎಷ್ಟು? (ಹಾನಗಲ್)
ವರ್ಷಕ್ಕೆ 800 ಮಿ.ಮೀ. ಆಸುಪಾಸು, ಧಾರವಾಡದಷ್ಟೇ ಅನ್ನಬಹುದು. ಆದರೆ ನಮ್ಮಲ್ಲಿ ಮಳೆಗಾಲಕ್ಕೆ ಸುರಿದು ಮುಗಿಯುವುದನ್ನು ಅಲ್ಲಿ ಹನ್ನೆರಡೂ ತಿಂಗಳಿಗೆ ಹಂಚಿ ಜಿನುಗಿಸುತ್ತದೆ. ಮೇ ತಿಂಗಳಲ್ಲಿ ಹಗಲು 18 ಡಿಗ್ರಿ, ರಾತ್ರಿ 9 ಸುಮಾರು. ಕೊಡೆಗಿಂತ ತಲೆಮುಚ್ಚುವ ಟೊಪ್ಪಿಗೆ ಇರುವ ಮಳೆಅಂಗಿ ಉಪಯೋಗ.

ಚಾಕೊಲೇಟ್ ಹುಬ್ಬಳ್ಳಿಗೆ ಮುಟ್ಟುವವರೆಗೆ ಉಳಿಯುತ್ತದೆಯೇ? (ಗೋಕುಲ ರಸ್ತೆ, ಹುಬ್ಬಳ್ಳಿ)
ಯಾವುದನ್ನು ಕೊಳ್ಳುತ್ತೀರಿ ಅನ್ನುವುದರ ಮೇಲೆ. ಒಳಗೆ ಹೂರಣ ತುಂಬಿದ ಪ್ರಲಿನ್‌ಗಳನ್ನು 1912ರಲ್ಲಿ ಮಾಡಿದ್ದು ಬ್ರಸೆಲ್ಸ್‌ನ ನೊಯ್‌ಹೌಸ್ ಅಂಗಡಿಯವರು. ಕೆನೆಯ ಹೂರಣದವು ಕೆಲವೇ ವಾರ ಬಾಳುತ್ತವೆ, ಕೆಲವದರಲ್ಲಿ ಮದ್ಯವೂ ಇರುತ್ತದೆ, ಕೇಳಿ ಕೊಳ್ಳಿ. ಊರಿಗೆ ತರಲು ಗಟ್ಟಿ ಪಟ್ಟಿ ಇಲ್ಲವೇ ಬಾದಾಮಿ, ಹೇಜ಼ಲ್‌ನಟ್ ಹೂರಣದವು ಒಳ್ಳೆಯವು. ಪ್ರವಾಸದ ಕೊನೆಯ ದಿನ ಕೊಳ್ಳಿ. ಕೋಕೋ ಬೆಣ್ಣೆ 34 ಡಿಗ್ರಿಗೆ ಕರಗುತ್ತದೆ, ನಮ್ಮ ಮೇ ತಿಂಗಳ ಮಧ್ಯಾಹ್ನ ಅದನ್ನು ದಾಟಿರುತ್ತದೆ. ಒಮ್ಮೆ ಕರಗಿ ಮತ್ತೆ ಗಟ್ಟಿಯಾದರೆ ಮೇಲೆ ಬಿಳಿ ಪದರ ಕೂರುತ್ತದೆ, ಅದು ಬೂಸಲ್ಲ, ಬೆಣ್ಣೆಯಂಶ ಮೇಲೆದ್ದಿದ್ದು. ತಿನ್ನಬಹುದು, ಬಾಯಲ್ಲಿ ಮರಳುಮರಳು ಅನಿಸುತ್ತದೆ. ಡಬ್ಬಿಯನ್ನು ಕೈಚೀಲದಲ್ಲಿ ಇಡಿ. ಬೆಂಗಳೂರಿನಿಂದ ರೈಲಿಗೆ ಬರುವುದಿದ್ದರೆ ಎಸಿ ಬೋಗಿಯೇ ಆಗಲಿ. ಮನೆಗೆ ಬಂದೊಡನೆ ಫ್ರಿಜ್‌ಗೆ ಬರಿದೇ ಇಡಬೇಡಿ, ತೇವ ಹೀರಿ ಸಕ್ಕರೆ ಮೇಲೆ ಬರುತ್ತದೆ. ಗಾಳಿಯಾಡದ ಚೀಲದಲ್ಲಿ ಬಿಗಿದು ಇಡಿ, ತಿನ್ನುವ ಮುನ್ನ ಚೀಲ ಬಿಚ್ಚದೆ ಅರ್ಧ ತಾಸು ಹೊರಗಿಟ್ಟು, ಚೀಲದ ಮೇಲಿನ ಹನಿ ಆರಿದ ಮೇಲೆ ತೆರೆಯಿರಿ.